ಬೆಳೆ ವಿಮೆಯ ಕೊನೇ ದಿನ ನೆನಪಿರುತ್ತೆ, ಮನೆಯವರ ವಿಮೆಯದ್ದು?

ಜುಲೈ ಬಂತು ಅಂದ್ರೆ ನಮ್ಮೂರ ವಾಟ್ಸಾಪ್ ಗ್ರೂಪಲ್ಲಿ ಒಂದೇ ಪ್ರಶ್ನೆ. "ಕಡ್ಲೆಕಾಯಿಗೆ ಬೆಳೆ ವಿಮೆ ಕಟ್ಟೋಕೆ ಕೊನೇ ದಿನ ಯಾವತ್ತು?" ಒಬ್ಬ ಕೇಳ್ತಾನೆ, ಹತ್ತು ಜನ ಉತ್ತರ ಹಾಕ್ತಾರೆ. ಪಹಣಿ, ಆಧಾರ್, ಪಾಸ್‌ಬುಕ್ ಹಿಡ್ಕೊಂಡು ಗ್ರಾಮ ಒನ್ ಮುಂದೆ ಕ್ಯೂ ನಿಲ್ತೀವಿ. ಸಂರಕ್ಷಣೆ ಪೋರ್ಟಲ್‌ನಲ್ಲಿ ನಮ್ಮ ಪ್ರಪೋಸಲ್ ಯಾವ ಹಂತದಲ್ಲಿದೆ ಅಂತ ಮೊಬೈಲಲ್ಲೇ ನೋಡ್ಕೋತೀವಿ. ಒಳ್ಳೇದೇ. ಆದ್ರೆ ಅದೇ ಗ್ರೂಪಲ್ಲಿ "ಯಶಸ್ವಿನಿ ನವೀಕರಣಕ್ಕೆ ಕೊನೇ ದಿನ ಯಾವತ್ತು?" ಅಂತ ಯಾರಾದ್ರೂ ಕೇಳಿದ್ದನ್ನ ನಾನು ನೋಡಿಲ್ಲ. ಎರಡು ವರ್ಷದ ಹಿಂದಿನವರೆಗೆ ನಾನೂ ಕೇಳಿರಲಿಲ್ಲ.

ಆವತ್ತು ರಾತ್ರಿ ಹನ್ನೊಂದು ಗಂಟೆಗೆ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಅಪ್ಪಂಗೆ ಎದೆ ಹಿಡ್ಕೊಂಡಿದೆ, ಬೆವರ್ತಾ ಇದಾರೆ." ಚಿಕ್ಕಪ್ಪನಿಗೆ ಐವತ್ನಾಲ್ಕು ವರ್ಷ. ಬೆಳಗ್ಗೆ ಕಡ್ಲೆಕಾಯಿ ಗಿಡ ಕಿತ್ತು ಹಾಕಿ ಬಂದಿದ್ದ ಮನುಷ್ಯ. ಪಕ್ಕದ ಮನೆಯವರ ಕಾರಲ್ಲಿ ಕೂರಿಸ್ಕೊಂಡು ಪಟ್ಟಣದ ಒಂದು ಖಾಸಗಿ ಆಸ್ಪತ್ರೆಗೆ ಹೋದ್ವಿ. ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿತ್ತು, ಅಷ್ಟರ ಮಟ್ಟಿಗೆ ಪುಣ್ಯ. ಡಾಕ್ಟರು ಸ್ಟೆಂಟ್ ಹಾಕ್ಬೇಕು ಅಂದ್ರು. ನಾವು ಧೈರ್ಯವಾಗೇ ಇದ್ವಿ, ಬಿಪಿಎಲ್ ಕಾರ್ಡ್ ಇದೆ, ಐದು ಲಕ್ಷದವರೆಗೆ ಸರ್ಕಾರದ್ದು ಅಂತ. ಕೌಂಟರಲ್ಲಿ ಕೂತಿದ್ದ ಹುಡುಗ ನಂಬರ್ ಹಾಕಿ ನೋಡಿ, "ಇದು ಎಪಿಎಲ್ ಅಂತ ತೋರಿಸ್ತಿದೆ ಸಾರ್" ಅಂದ.

ಹೇಗಾಯ್ತು ಅಂತ ಆಮೇಲೆ ಗೊತ್ತಾಯ್ತು. ಅದೇ ತಮ್ಮ ಒಂದೂವರೆ ವರ್ಷದ ಹಿಂದೆ ಗೂಡ್ಸ್ ಗಾಡಿ ಲೋನ್‌ಗೆ ಅಂತ ಎರಡು ವರ್ಷದ ಆದಾಯ ತೆರಿಗೆ ರಿಟರ್ನ್ ಹಾಕಿಸಿದ್ದ. ಒಂದು ರೂಪಾಯಿ ತೆರಿಗೆ ಕಟ್ಟಿರಲಿಲ್ಲ, ಬರೀ ರಿಟರ್ನ್. ಅವನ ಹೆಸರು ಅಪ್ಪನ ರೇಷನ್ ಕಾರ್ಡಲ್ಲೇ ಇತ್ತು. ಪರಿಶೀಲನೆಯಲ್ಲಿ ಕಾರ್ಡು ಎಪಿಎಲ್‌ಗೆ ಬಿದ್ದಿತ್ತು. ಎರಡು ತಿಂಗಳಿಂದ ಅಕ್ಕಿ ಬಂದಿರಲಿಲ್ಲ. ಚಿಕ್ಕಮ್ಮ ಅದನ್ನ ಹೇಳಿದ್ರೂ "ಸರ್ವರ್ ಪ್ರಾಬ್ಲಂ ಇರ್ಬೇಕು" ಅಂತ ಎಲ್ಲರೂ ಸುಮ್ಮನಾಗಿದ್ರು.

ಎಪಿಎಲ್ ಆದ್ರೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇ. 30 ಮಾತ್ರ. ಉಳಿದದ್ದು ನಮ್ಮ ಕೈಯಿಂದ. ಬೆಳಗಾಗೋದ್ರೊಳಗೆ ಚಿಕ್ಕಮ್ಮನ ಸರ ಅಡವಿಗೆ ಹೋಯ್ತು. ವಾರದ ಮೇಲೆ ಎರಡು ಹಸು ಮಾರಿದ್ರು. ನನಗೆ ಇವತ್ತಿಗೂ ಹೊಟ್ಟೆ ಉರಿಯೋದು ಆ ಹಸುಗಳ ವಿಷಯಕ್ಕೆ. ಆ ಹಸುಗಳ ಹಾಲು ಹಾಕ್ತಿದ್ದ ಡೇರಿಯಲ್ಲಿ ಚಿಕ್ಕಮ್ಮ ಸದಸ್ಯೆ. ಆ ಸದಸ್ಯತ್ವದ ಮೇಲೆ ವರ್ಷಕ್ಕೆ 500 ರೂಪಾಯಿ ಕಟ್ಟಿದ್ರೆ ನಾಲ್ಕು ಜನರ ಕುಟುಂಬಕ್ಕೆ ಯಶಸ್ವಿನಿ ಸಿಗ್ತಿತ್ತು. ಡೇರಿ ಕಾರ್ಯದರ್ಶಿ ಆ ವರ್ಷ ಹೇಳಿಯೂ ಇದ್ದರಂತೆ. "ನಮಗೆ ಬಿಪಿಎಲ್ ಇದೆಯಲ್ಲ, ಇನ್ಯಾಕೆ" ಅಂತ ಬಿಟ್ಟಿದ್ದು.

ಚಿಕ್ಕಪ್ಪ ಈಗ ಚೆನ್ನಾಗಿದಾರೆ, ತೋಟಕ್ಕೆ ಹೋಗಿ ಬರ್ತಾರೆ. ಆದ್ರೆ ಈ ಒಂದು ರಾತ್ರಿ ನನಗೆ ಒಂದು ವಿಷಯ ಕಲಿಸ್ತು. ನಮ್ಮಲ್ಲಿ ಯೋಜನೆಗಳಿಗೆ ಬರ ಇಲ್ಲ. ಬರ ಇರೋದು "ಇವತ್ತಿಗೆ ನಾನು ಯಾವುದಕ್ಕೆ ಅರ್ಹ?" ಅನ್ನೋ ಪ್ರಶ್ನೆಗೆ ಆರೋಗ್ಯವಾಗಿದ್ದಾಗಲೇ ಉತ್ತರ ತಿಳ್ಕೊಳ್ಳೋ ಅಭ್ಯಾಸಕ್ಕೆ. ಬೆಂಕಿ ಬಿದ್ದಾಗ ಬಾವಿ ತೋಡೋ ಜನ ನಾವು.

ರೇಷನ್ ಕಾರ್ಡ್ ಅಂದ್ರೆ ಬರೀ ಅಕ್ಕಿ ಅಲ್ಲ

ಮೊದಲು ಎಲ್ಲರಿಗೂ ಗೊತ್ತಿರೋ ಯೋಜನೆಯಿಂದ ಶುರು ಮಾಡೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ. 2018ರ ಮಾರ್ಚಲ್ಲಿ ರಾಜ್ಯ ಸರ್ಕಾರ ಆರೋಗ್ಯ ಕರ್ನಾಟಕ ಶುರು ಮಾಡಿತು, ಅದೇ ವರ್ಷ ಸೆಪ್ಟೆಂಬರಲ್ಲಿ ಕೇಂದ್ರದ ಆಯುಷ್ಮಾನ್ ಭಾರತ್ ಬಂತು, ಅಕ್ಟೋಬರ್ ಕೊನೆಗೆ ಎರಡೂ ಸೇರಿದವು. ಈಗ ಕಾರ್ಡಿನ ಮೇಲೆ ಉದ್ದದ ಹೆಸರಿದೆ, ಅದು ಬಿಡಿ. ನಡೆಸೋದು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್.

ಲೆಕ್ಕ ಸರಳ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30, ಅದೂ ವರ್ಷಕ್ಕೆ ಒಂದೂವರೆ ಲಕ್ಷ ಮೀರದಂತೆ. ಅಂದ್ರೆ ಒಂದು ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಪ್ಯಾಕೇಜ್ 1 ಲಕ್ಷ ಅಂತಿಟ್ಕೊಳ್ಳಿ. ಬಿಪಿಎಲ್‌ನವರು ಕೊಡಬೇಕಾದ್ದು ಸೊನ್ನೆ, ಎಪಿಎಲ್‌ನವರು 70 ಸಾವಿರ. ಒಂದೇ ಊರು, ಒಂದೇ ಕಾಯಿಲೆ, ಒಂದೇ ವಾರ್ಡು. ವ್ಯತ್ಯಾಸ ರೇಷನ್ ಕಾರ್ಡಿಂದು.

ಈಗ ನಮ್ಮ ವಯಸ್ಸಿನ ರೈತರು ಯೋಚಿಸಬೇಕಾದ್ದು ಇಲ್ಲಿದೆ. ಕಾರ್ಡು ಬಿಪಿಎಲ್‌ನಿಂದ ಜಾರೋಕೆ ಕಾರಣಗಳೇನು? ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ದಾಟಿದರೆ, ಏಳೂವರೆ ಎಕರೆಗಿಂತ ಹೆಚ್ಚು ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನಿದ್ದರೆ, ಸ್ವಂತ ಓಡಾಟಕ್ಕೆ ನಾಲ್ಕು ಚಕ್ರದ ಗಾಡಿ ಇದ್ದರೆ, ಮನೆಯಲ್ಲಿ ಸರ್ಕಾರಿ ನೌಕರರೋ ತೆರಿಗೆ ಕಟ್ಟುವವರೋ ಇದ್ದರೆ. ಟ್ರ್ಯಾಕ್ಟರು, ಹೊಟ್ಟೆಪಾಡಿಗೆ ಓಡಿಸೋ ಟ್ಯಾಕ್ಸಿ ಈ ಲೆಕ್ಕಕ್ಕೆ ಬರಲ್ಲ. ನೋಡಿ, ಇದರಲ್ಲಿ ಹೆಚ್ಚಿನವು ಅಪ್ಪ ಮಾಡೋ ಕೆಲಸ ಅಲ್ಲ. ಸೆಕೆಂಡ್ ಹ್ಯಾಂಡ್ ಕಾರು ತರೋದು ನಾವು. ಲೋನ್‌ಗೆ ರಿಟರ್ನ್ ಹಾಕೋದು ನಾವು. ಬೆಂಗಳೂರಲ್ಲಿ ಕೆಲಸಕ್ಕೆ ಸೇರಿ ಪಿಎಫ್ ನಂಬರ್ ಮಾಡಿಸ್ಕೊಂಡು, ಹೆಸರು ಮಾತ್ರ ಊರಿನ ಕಾರ್ಡಲ್ಲೇ ಬಿಟ್ಟಿರೋದೂ ನಾವೇ. ಆಸ್ಪತ್ರೆಯಲ್ಲಿ ಬಿಲ್ ಬರೋದು ಮಾತ್ರ ಅಪ್ಪನ ಹೆಸರಿಗೆ.

2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಬಗ್ಗೆ ರಾಜ್ಯದಲ್ಲಿ ಎಷ್ಟು ಗಲಾಟೆ ಆಯ್ತು ನೆನಪಿರಬಹುದು. ಆಮೇಲೆ ಸರ್ಕಾರವೇ ಹಿಂದೆ ಸರಿದು, ಸರ್ಕಾರಿ ನೌಕರರು ಮತ್ತು ತೆರಿಗೆ ಪಾವತಿದಾರರನ್ನ ಬಿಟ್ಟು ಉಳಿದವರ ಕಾರ್ಡು ವಾಪಸ್ ಕೊಡ್ತೀವಿ ಅಂತು. ಆಗ ಟಿವಿಯಲ್ಲಿ ಎಲ್ಲರೂ ಮಾತಾಡಿದ್ದು ಅಕ್ಕಿ ಬಗ್ಗೆ. ಹತ್ತು ಕೆಜಿ, ಐದು ಕೆಜಿ. ಕಾರ್ಡ್ ಹೋದ್ರೆ ಅದರ ಜೊತೆ ಐದು ಲಕ್ಷದ ಚಿಕಿತ್ಸೆಯ ರಕ್ಷಣೆಯೂ ಕರಗುತ್ತೆ ಅಂತ ಹೇಳಿದವರು ಕಮ್ಮಿ. ನನ್ನ ಪ್ರಕಾರ ಅಕ್ಕಿಗಿಂತ ದೊಡ್ಡ ನಷ್ಟ ಅದೇ. ಅಕ್ಕಿ ನಾವು ಕೊಂಡಾದ್ರೂ ತಿಂತೀವಿ.

ಅರ್ಹತೆ ಇಲ್ಲದಿದ್ರೂ ಸುಳ್ಳು ಹೇಳಿ ಬಿಪಿಎಲ್ ಉಳಿಸ್ಕೊಳ್ಳಿ ಅಂತ ನಾನು ಹೇಳ್ತಿಲ್ಲ. ಕಾರು ತಗೊಂಡ್ರಾ, ಸಂತೋಷ. ಆದ್ರೆ ತಗೊಂಡ ದಿನವೇ "ಇನ್ನು ನಮ್ಮ ಮನೆ ಎಪಿಎಲ್, ಬೇರೆ ವಿಮೆ ಬೇಕು" ಅಂತ ಗೊತ್ತಿರಬೇಕು. ಅದರ ಇಎಂಐ ಲೆಕ್ಕ ಹಾಕುವಾಗ ವಿಮೆಯ ಕಂತನ್ನೂ ಸೇರಿಸಿ ಹಾಕಿ. ತಪ್ಪಾಗಿ ರದ್ದಾಗಿದ್ರೆ ತಹಶೀಲ್ದಾರ್ ಕಚೇರಿಯ ಆಹಾರ ಶಾಖೆಗೆ ದಾಖಲೆ ಸಮೇತ ಅರ್ಜಿ ಕೊಡಿ, ಅರ್ಜಿಯ ಸ್ವೀಕೃತಿ ತಗೊಳ್ಳಿ. ಕಾರ್ಡಿನ ಸ್ಥಿತಿ ಏನಾಗಿದೆ ಅಂತ ಆಹಾರ ಇಲಾಖೆಯ ಪೋರ್ಟಲಲ್ಲಿ ನಂಬರ್ ಹಾಕಿ ನೋಡೋಕೆ ಎರಡು ನಿಮಿಷ ಸಾಕು.

ಇನ್ನೊಂದು, ಹೊಸದಾಗಿ ಮದುವೆ ಆದವರು ಗಮನಿಸಿ. ಹೆಂಡತಿ ಹೆಸರು ಇನ್ನೂ ಅವರ ತವರು ಮನೆ ಕಾರ್ಡಲ್ಲೇ ಇರುತ್ತೆ. ಅಲ್ಲಿ ತೆಗೆಸಿ ಇಲ್ಲಿ ಸೇರಿಸೋ ಕೆಲಸ ಮಗು ಹುಟ್ಟಿದ ಮೇಲೆ ನೋಡೋಣ ಅಂತ ಮುಂದಕ್ಕೆ ಹಾಕ್ತೀವಿ. ತೊಂದರೆ ಬರೋದೇ ಆ ಮಧ್ಯದಲ್ಲಿ. ಆಧಾರಲ್ಲಿ ಒಂದು ಹೆಸರು, ರೇಷನ್ ಕಾರ್ಡಲ್ಲಿ ಇನ್ನೊಂದು, ಇನಿಷಿಯಲ್ ಹಿಂದೆ ಮುಂದೆ, ಹುಟ್ಟಿದ ವರ್ಷ ಬೇರೆ. ಹಗಲು ಹೊತ್ತಲ್ಲಿ ಗ್ರಾಮ ಒನ್‌ನಲ್ಲಿ ಸರಿಯಾಗೋ ಇಂಥ ತಪ್ಪು ಮಧ್ಯರಾತ್ರಿ ಎಮರ್ಜೆನ್ಸಿ ವಾರ್ಡಿನ ಮುಂದೆ ಬೆಟ್ಟದಷ್ಟಾಗುತ್ತೆ.

ಆಸ್ಪತ್ರೆಗೆ ಹೋಗೋ ದಾರಿ

ಕಾರ್ಡ್ ಇದೆ ಅಂತ ಯಾವ ಖಾಸಗಿ ಆಸ್ಪತ್ರೆಗಾದ್ರೂ ನುಗ್ಗಬಹುದು ಅನ್ಕೊಂಡಿರೋರು ಬಹಳ. ಹಾಗಿಲ್ಲ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ಆ ಚಿಕಿತ್ಸೆ ಇಲ್ಲ ಅಂದ್ರೆ ಅವರು ರೆಫರಲ್ ಪತ್ರ ಕೊಡ್ತಾರೆ. ಅದನ್ನ ಹಿಡ್ಕೊಂಡು ಯೋಜನೆಯಲ್ಲಿ ನೋಂದಾಯಿಸಿರೋ ಖಾಸಗಿ ಆಸ್ಪತ್ರೆಗೆ ಹೋಗಬೇಕು. ಜಯದೇವ, ಕಿದ್ವಾಯಿ ಥರದ ಸರ್ಕಾರಿ ಸಂಸ್ಥೆಗಳೂ ಇವೆ, ಅವನ್ನ ಮರೀಬೇಡಿ. ಎದೆನೋವು, ಅಪಘಾತದಂಥ ತುರ್ತು ಸಂದರ್ಭದಲ್ಲಿ ಮಾತ್ರ ರೆಫರಲ್ ಇಲ್ಲದೆ ಸೀದಾ ನೋಂದಾಯಿತ ಖಾಸಗಿ ಆಸ್ಪತ್ರೆಗೆ ಸೇರಿಸಬಹುದು. ತುರ್ತು ಅಂತ ಯಾವುದನ್ನ ಕರೀತಾರೆ ಅನ್ನೋದಕ್ಕೂ ಅವರದ್ದೇ ಪಟ್ಟಿ ಇದೆ. ನಮಗೆ ತುರ್ತು ಅನ್ನಿಸಿದ್ದೆಲ್ಲ ಅದರಲ್ಲಿ ಇರಲ್ಲ.

ಈ ರೆಫರಲ್ ಪದ್ಧತಿ ಬಗ್ಗೆ ನನಗೆ ತಕರಾರಿದೆ. ಮಂಡಿ ನೋವೋ, ಕಿಡ್ನಿ ಕಲ್ಲೋ ಇರೋ ರೈತ ಒಂದು ಪತ್ರಕ್ಕೆ ಮೂರು ದಿನ ಕೂಲಿ ಕೆಲಸ ಬಿಟ್ಟು ಓಡಾಡ್ತಾನೆ. ಡಾಕ್ಟರ್ ಇವತ್ತು ಕ್ಯಾಂಪು, ನಾಳೆ ರಜೆ. ಬಸ್ ಚಾರ್ಜು, ಊಟ, ಜೊತೆಗೆ ಬಂದವರ ಕೂಲಿ, ಇದ್ಯಾವುದೂ ಐದು ಲಕ್ಷದ ಲೆಕ್ಕದಲ್ಲಿ ಇಲ್ಲ. ಆದ್ರೆ ಸರ್ಕಾರಿ ಆಸ್ಪತ್ರೆಗೆ ಹೋಗೋದೇ ಬೇಡ ಅನ್ನೋ ವಾದವನ್ನೂ ನಾನು ಒಪ್ಪಲ್ಲ. ಹಾವು ಕಡಿದ್ರೆ ನಾನು ಇವತ್ತಿಗೂ ಓಡೋದು ಸರ್ಕಾರಿ ಆಸ್ಪತ್ರೆಗೇ. ವಿಷಕ್ಕೆ ಔಷಧಿ ಇರೋದು ಅಲ್ಲಿ.

ಸ್ಮಾರ್ಟ್‌ಫೋನ್ ನಿಜವಾಗಿ ಉಪಯೋಗಕ್ಕೆ ಬರೋದು ಇಲ್ಲೇ. ಆಯುಷ್ಮಾನ್ ಭಾರತ್ ವೆಬ್‌ಸೈಟಲ್ಲಿ ಜಿಲ್ಲೆ ಹಾಕಿ ಆಸ್ಪತ್ರೆ ಹುಡುಕಬಹುದು. ಹುಡುಕುವಾಗ ಬರೀ ಆಸ್ಪತ್ರೆ ಹೆಸರು ನೋಡಿ ಬಿಡಬೇಡಿ, ಯಾವ ವಿಭಾಗಕ್ಕೆ ನೋಂದಣಿ ಇದೆ ನೋಡಿ. ಮೂಳೆ ಚಿಕಿತ್ಸೆಗೆ ಪಟ್ಟಿಯಲ್ಲಿರೋ ಆಸ್ಪತ್ರೆ ಹೃದಯಕ್ಕೆ ಇಲ್ಲದೇ ಇರಬಹುದು. ನಿಮ್ಮ ಮನೆಯಿಂದ ಒಂದು ಗಂಟೆ ದಾರಿಯೊಳಗೆ ಹೃದಯಕ್ಕೆ ಯಾವುದು, ಅಪಘಾತಕ್ಕೆ ಯಾವುದು, ಹೆರಿಗೆಗೆ ಯಾವುದು ಅಂತ ಈಗಲೇ ನೋಡಿ ಮನೆಯವರ ಗ್ರೂಪಲ್ಲಿ ಹಾಕಿಡಿ. ಅನುಮಾನ ಇದ್ರೆ 104 ಅಥವಾ 14555ಕ್ಕೆ ಫೋನ್ ಮಾಡಿ ಕೇಳಿ.

ಆಸ್ಪತ್ರೆಯೊಳಗೆ ಹೋದ ಮೇಲೆ ಆರೋಗ್ಯ ಮಿತ್ರ ಯಾರು ಅಂತ ಮೊದಲು ಕೇಳಿ. ನೋಂದಾಯಿತ ಆಸ್ಪತ್ರೆಗಳಲ್ಲಿ ಈ ಯೋಜನೆಗೇ ಅಂತ ಇರೋ ವ್ಯಕ್ತಿ ಅವರು. ಅವರ ಮೂಲಕ ಮಂಜೂರಾತಿಗೆ ಕಳಿಸಿದ ಮೇಲೆ ಮುಂದಿನ ಮಾತು. "ಈಗ ದುಡ್ಡು ಕಟ್ಟಿ, ಆಮೇಲೆ ಸರ್ಕಾರದಿಂದ ವಾಪಸ್ ತಗೊಳ್ಳಿ" ಅಂತ ಯಾರಾದ್ರೂ ಅಂದ್ರೆ ಎಚ್ಚರ. ಇದು ನಗದುರಹಿತ ಯೋಜನೆ. ನಾವು ಕಟ್ಟಿದ ಬಿಲ್ ಹಿಡ್ಕೊಂಡು ಹೋದ್ರೆ ವಾಪಸ್ ಕೊಡೋ ಪದ್ಧತಿ ಇದರಲ್ಲಿಲ್ಲ. ಆಮೇಲೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕ್ಕೊಂಡು ಶಾಸಕರ ಮನೆ ಮುಂದೆ ನಿಲ್ಲೋದೇ ಗತಿ.

ಡೇರಿ ಸದಸ್ಯತ್ವದ ಬೆಲೆ

ಯಶಸ್ವಿನಿ ನಮ್ಮದೇ ರಾಜ್ಯದ ಯೋಜನೆ, ಸಹಕಾರ ಸಂಘಗಳ ಮೂಲಕ ರೈತರಿಗಾಗೇ ಹುಟ್ಟಿದ್ದು. ಎಸ್. ಎಂ. ಕೃಷ್ಣ ಮುಖ್ಯಮಂತ್ರಿಯಾಗಿದ್ದಾಗ, ಡಾ. ದೇವಿ ಶೆಟ್ಟಿ ಅವರ ಯೋಚನೆಯಿಂದ ಬಂದ ಯೋಜನೆ. 2003ರಲ್ಲಿ ಚಿಕಿತ್ಸೆ ಶುರುವಾದಾಗ ಒಬ್ಬರಿಗೆ ತಿಂಗಳಿಗೆ 5 ರೂಪಾಯಿ. ನಮ್ಮಪ್ಪನ ಕಾಲದವರು ಅದರಲ್ಲಿ ಎಷ್ಟೋ ಆಪರೇಷನ್ ಮಾಡಿಸ್ಕೊಂಡಿದ್ದಾರೆ. 2018ರಲ್ಲಿ ಅದನ್ನ ಆರೋಗ್ಯ ಕರ್ನಾಟಕದೊಳಗೆ ಸೇರಿಸಿ ನಿಲ್ಲಿಸಿದ್ರು. ನಾಲ್ಕು ವರ್ಷ ಇರಲೇ ಇಲ್ಲ. 2022ರ ಬಜೆಟ್ಟಿನಲ್ಲಿ ಮತ್ತೆ ಘೋಷಣೆಯಾಗಿ, 2023ರ ಜನವರಿಯಿಂದ ಚಿಕಿತ್ಸೆ ಮತ್ತೆ ಶುರುವಾಯ್ತು. ಆ ನಾಲ್ಕು ವರ್ಷದ ಗ್ಯಾಪಲ್ಲಿ ಬೆಳೆದ ನಮ್ಮ ತಲೆಮಾರಿಗೆ ಯಶಸ್ವಿನಿ ಅಂದ್ರೆ ಹಳೇ ಕಾಲದ್ದು ಅನ್ನೋ ಭಾವನೆ ಉಳ್ಕೊಂಡಿದೆ.

ಹೊಸ ಯಶಸ್ವಿನಿ ಶುರುವಾದಾಗ ನಿಗದಿಯಾದ ದರ ಹೀಗಿದೆ. ಗ್ರಾಮೀಣ ಸಹಕಾರ ಸಂಘದ ಸದಸ್ಯರಿಗೆ ನಾಲ್ಕು ಜನರ ಕುಟುಂಬಕ್ಕೆ 500 ರೂಪಾಯಿ, ಅದಕ್ಕಿಂತ ಹೆಚ್ಚಿದ್ರೆ ತಲಾ 100. ನಗರದವರಿಗೆ 1,000, ಮೇಲೆ ತಲಾ 200. ಪರಿಶಿಷ್ಟ ಜಾತಿ, ಪಂಗಡದ ಸದಸ್ಯರ ಪಾಲನ್ನ ಸರ್ಕಾರವೇ ಕಟ್ಟುತ್ತೆ. ರಕ್ಷಣೆ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ. ಮನೆಯಲ್ಲಿ ಸರ್ಕಾರಿ ನೌಕರರಿದ್ರೆ ಅಥವಾ ಖಾಸಗಿ ಕಂಪನಿಯಲ್ಲಿ ತಿಂಗಳಿಗೆ 30 ಸಾವಿರಕ್ಕಿಂತ ಹೆಚ್ಚು ಸಂಬಳದವರಿದ್ರೆ ಸಿಗಲ್ಲ. ಆದ್ರೆ ಬಿಪಿಎಲ್ಲೇ ಆಗಿರಬೇಕು ಅಂತಿಲ್ಲ. ಎಪಿಎಲ್‌ಗೆ ಜಾರಿದ ರೈತ ಕುಟುಂಬಕ್ಕೆ ಇಷ್ಟು ಕಮ್ಮಿ ದುಡ್ಡಲ್ಲಿ ಸಿಗೋ ಇನ್ನೊಂದು ವಿಮೆ ನನಗಂತೂ ಗೊತ್ತಿಲ್ಲ. ಒಂದು ಮೂಟೆ ಡಿಎಪಿ ಬೆಲೆಗಿಂತ ಕಮ್ಮಿ.

ಹಾಗಂತ ಅದು ಎಲ್ಲಕ್ಕೂ ಮದ್ದಲ್ಲ. ಪಟ್ಟಿಯಲ್ಲಿರೋ ಚಿಕಿತ್ಸೆ, ಪಟ್ಟಿಯಲ್ಲಿರೋ ಆಸ್ಪತ್ರೆ, ಜನರಲ್ ವಾರ್ಡು, ಅಷ್ಟೇ. ಜ್ವರಕ್ಕೆ ಮಾತ್ರೆ ತಗೊಂಡಿದ್ದು ಇದರಲ್ಲಿ ಬರಲ್ಲ. ದೊಡ್ಡ ತೊಂದರೆ ಅಂದ್ರೆ ನೋಂದಣಿ ವರ್ಷವಿಡೀ ತೆರೆದಿರಲ್ಲ. ಸಾಮಾನ್ಯವಾಗಿ ವರ್ಷದ ಕೊನೆಗೆ ಶುರುವಾಗಿ ಮುಂದಿನ ವರ್ಷದ ಮೊದಲ ತಿಂಗಳುಗಳಲ್ಲಿ ಮುಗಿಯುತ್ತೆ. ಅದು ರಾಗಿ ಒಕ್ಕಣೆ, ತೊಗರಿ ಕೊಯ್ಲು, ಅಡಿಕೆ ಸುಲಿಯೋ ಕಾಲ. ಕೈಯಲ್ಲಿ ನಾಲ್ಕು ಕಾಸು ಇರುತ್ತೆ, ಪುರುಸೊತ್ತು ಇರಲ್ಲ. ಪ್ರತಿ ವರ್ಷ ನವೀಕರಿಸಬೇಕು. ಹೋದ ವರ್ಷದ ಕಾರ್ಡು ಈ ವರ್ಷಕ್ಕೆ ನಡಿಯಲ್ಲ.

ಸದಸ್ಯತ್ವ ಯಾರ ಹೆಸರಲ್ಲಿದೆ ಅನ್ನೋದನ್ನೂ ನೋಡಿ. ಎಷ್ಟೋ ಮನೆಗಳಲ್ಲಿ ವಿಎಸ್‌ಎಸ್‌ಎನ್ ಷೇರು ತೀರಿಹೋದ ತಾತನ ಹೆಸರಲ್ಲೇ ಇದೆ. ಹಾಲು ಹಾಕೋದು ಅಮ್ಮ, ಪಾಸ್‌ಬುಕ್ ಅಪ್ಪನದ್ದು. ಕಾರ್ಯದರ್ಶಿಗಳ ಹತ್ತಿರ ಹೋಗಿ ಸದಸ್ಯತ್ವ ನಿಮ್ಮ ಹೆಸರಿಗೋ ಅಮ್ಮನ ಹೆಸರಿಗೋ ಬದಲಾಯಿಸಿಕೊಳ್ಳಿ. ನೋಂದಣಿ ಶುರುವಾದ ಮೇಲೆ ಹೋದ್ರೆ ಇದೆಲ್ಲ ಮುಗಿಯೋದ್ರೊಳಗೆ ಗಡುವು ದಾಟುತ್ತೆ. ಮನೆಯ ಹೆಂಗಸರು ಸ್ತ್ರೀಶಕ್ತಿ ಸಂಘದಲ್ಲಿದ್ದು, ಆ ಸಂಘ ಸಹಕಾರ ಬ್ಯಾಂಕಲ್ಲಿ ವ್ಯವಹಾರ ಇಟ್ಟಿದ್ರೆ ಆ ದಾರಿಯೂ ಇದೆಯಾ ಅಂತ ಅಲ್ಲೇ ಕೇಳಿ.

20 ರೂಪಾಯಿ ಕಟ್ ಆಗೋದು ಆರೋಗ್ಯ ವಿಮೆ ಅಲ್ಲ

ಇದನ್ನ ಚಿಕ್ಕದಾಗಿ ಹೇಳಿ ಮುಗಿಸ್ತೀನಿ, ಯಾಕಂದ್ರೆ ಈ ತಪ್ಪು ತಿಳುವಳಿಕೆ ಊರೂರಲ್ಲಿದೆ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಟ್ ಆಗೋದು ಪ್ರಧಾನಮಂತ್ರಿ ಸುರಕ್ಷಾ ಬಿಮಾ, ಅಂದ್ರೆ ಅಪಘಾತದಲ್ಲಿ ಸತ್ತರೆ ಅಥವಾ ಅಂಗ ಊನವಾದರೆ ಮಾತ್ರ. 436 ಕಟ್ ಆಗೋದು ಜೀವನ್ ಜ್ಯೋತಿ, ಸತ್ತರೆ ಮನೆಯವರಿಗೆ. ಎರಡೂ ಇರಲಿ, ಒಳ್ಳೇದು. ಆದ್ರೆ ಆಸ್ಪತ್ರೆ ಬಿಲ್‌ಗೆ ಇವು ಒಂದು ರೂಪಾಯಿ ಕೊಡಲ್ಲ.

ಖಾಸಗಿ ಪಾಲಿಸಿ ತಗೊಳ್ಳೋರಿಗೆ

ತೋಟ ಚೆನ್ನಾಗಿದೆ, ದಾಳಿಂಬೆಯೋ ಅಡಿಕೆಯೋ ಕೈ ಹಿಡಿದಿದೆ, ಬಿಪಿಎಲ್ ಇಲ್ಲ, ಜನರಲ್ ವಾರ್ಡು ಸಾಕಾಗಲ್ಲ ಅನ್ನೋರು ಖಾಸಗಿ ಪಾಲಿಸಿ ಕಡೆ ನೋಡ್ತಾರೆ. ನೋಡಲಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆ ಮೇಲಿದ್ದ ಶೇ. 18 ಜಿಎಸ್‌ಟಿ ಹೋಗಿದೆ. ಆದ್ರೆ ಫೋನಲ್ಲಿ ಜಾಹೀರಾತು ತೋರಿಸೋ ದರ ನೋಡಿ ಬಟನ್ ಒತ್ತಬೇಡಿ.

ಹೋಲಿಸೋಕೆ ಒಂದು ಅಳತೆಗೋಲು ಬೇಕು ಅಂದ್ರೆ ಆರೋಗ್ಯ ಸಂಜೀವಿನಿ ಅನ್ನೋ ಪಾಲಿಸಿ ಇದೆ. 2020ರಿಂದ ವಿಮಾ ನಿಯಂತ್ರಣ ಪ್ರಾಧಿಕಾರದ ಸೂಚನೆಯಂತೆ ಕಂಪನಿಗಳು ಒಂದೇ ಥರದ ನಿಯಮಗಳಲ್ಲಿ ಮಾರೋದು. ಕಂಪನಿಗೆ ಕಂಪನಿಗೆ ಬೇರೆ ಇರೋದು ಪ್ರೀಮಿಯಂ ಮಾತ್ರ. ಇದರ ಷರತ್ತು ಓದಿದ್ರೆ ಉಳಿದ ಪಾಲಿಸಿ ಓದೋಕೂ ಬರುತ್ತೆ. ಪ್ರತಿ ಕ್ಲೇಮಲ್ಲಿ ಶೇ. 5 ನಮ್ಮ ಪಾಲು. ರೂಮ್ ಬಾಡಿಗೆ ದಿನಕ್ಕೆ ವಿಮಾ ಮೊತ್ತದ ಶೇ. 2, ಅದೂ 5,000 ಮೀರದಂತೆ. ಈ ರೂಮ್ ಬಾಡಿಗೆ ಅನ್ನೋದೇ ನಮ್ಮವರು ಮೋಸ ಹೋಗೋ ಜಾಗ. ಉದಾಹರಣೆಗೆ ನಿಮ್ಮ ಪಾಲಿಸಿ 1 ಲಕ್ಷದ್ದು, ಮಿತಿ ದಿನಕ್ಕೆ 2,000. ನೀವು 4,000ದ ರೂಮ್ ತಗೊಂಡ್ರಿ. ಹೆಚ್ಚಿನ 2,000 ಮಾತ್ರ ನಾವು ಕೊಟ್ರೆ ಮುಗೀತು ಅನ್ಕೋತೀವಿ. ಇಲ್ಲ. ಔಷಧಿಯಂಥ ಕೆಲವನ್ನ ಬಿಟ್ಟು, ಡಾಕ್ಟರ್ ಫೀಸು, ಆಪರೇಷನ್ ಚಾರ್ಜಲ್ಲೂ ಅದೇ ಪ್ರಮಾಣದಲ್ಲಿ, ಅಂದ್ರೆ ಅರ್ಧ, ಕಡಿತ ಮಾಡ್ತಾರೆ.

ಎರಡನೇದು ಕಾಯುವ ಅವಧಿ. ಪಾಲಿಸಿ ತಗೊಂಡ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಯಾವುದಕ್ಕೂ ಸಿಗಲ್ಲ. ಮೊದಲೇ ಇದ್ದ ಬಿಪಿ, ಶುಗರ್‌ನಂಥ ಕಾಯಿಲೆಗೆ ಮೂರು ವರ್ಷದವರೆಗೂ ಕಾಯಿಸಬಹುದು. ಹರ್ನಿಯಾ, ಕಣ್ಣಿನ ಪೊರೆ ಥರದ್ದಕ್ಕೆ ಬೇರೆ ಅವಧಿ. ಅದಕ್ಕೇ ಇಪ್ಪತ್ತೈದನೇ ವಯಸ್ಸಲ್ಲಿ, ಏನೂ ಇಲ್ಲದಾಗ ತಗೊಂಡ ಪಾಲಿಸಿಗೆ ಬೆಲೆ. ಆಪರೇಷನ್ ದಿನಾಂಕ ಗೊತ್ತಾದ ಮೇಲೆ ತಗೊಂಡಿದ್ದಕ್ಕಲ್ಲ.

ಮೂರನೇದು, ಅತಿ ಮುಖ್ಯ. ಏಜೆಂಟರು ಪರಿಚಯದವರೇ ಇರ್ತಾರೆ. "ಬಿಪಿ ಮಾತ್ರೆ ತಗೋತೀರಾ? ಬಿಡಿ ಅಣ್ಣ, ಅದೆಲ್ಲ ಬರಿಯೋದು ಬೇಡ, ಪ್ರೀಮಿಯಂ ಜಾಸ್ತಿ ಆಗುತ್ತೆ" ಅಂತಾರೆ. ಬರೀರಿ. ಅಪ್ಪನ ಶುಗರ್, ಅಮ್ಮನ ಥೈರಾಯ್ಡ್, ನಿಮ್ಮ ಹಳೇ ಆಪರೇಷನ್, ಎಲ್ಲ ಬರೀರಿ. ಮುಚ್ಚಿಟ್ರೆ ಕ್ಲೇಮ್ ತಿರಸ್ಕಾರ ಆದ ದಿನ ಏಜೆಂಟ್ ಜೊತೆಗಿರಲ್ಲ, ಸಹಿ ನಿಮ್ಮದು. ಐದು ವರ್ಷ ಬಿಡದೆ ನವೀಕರಿಸಿದ ಮೇಲೆ, ಉದ್ದೇಶಪೂರ್ವಕ ವಂಚನೆ ಅಂತ ಸಾಬೀತಾಗದ ಹೊರತು ಹಳೇದನ್ನ ಕೆದಕಿ ತಿರಸ್ಕರಿಸುವಂತಿಲ್ಲ ಅನ್ನೋ ನಿಯಮ ಈಗ ಇದೆ. ಪಾಲಿಸಿ ಕೈಗೆ ಬಂದ 30 ದಿನದೊಳಗೆ ಓದಿ ಬೇಡ ಅನ್ನಿಸಿದ್ರೆ ವಾಪಸ್ ಕೊಡೋ ಹಕ್ಕೂ ಇದೆ. ಅನ್ಯಾಯ ಆದ್ರೆ ಮೊದಲು ಕಂಪನಿಗೆ ಲಿಖಿತ ದೂರು, ಆಮೇಲೆ ಪ್ರಾಧಿಕಾರದ 155255, ಕೊನೆಗೆ ಬೆಂಗಳೂರಲ್ಲಿರೋ ವಿಮಾ ಒಂಬುಡ್ಸ್‌ಮನ್. ಅಲ್ಲಿಗೆ ವಕೀಲರೂ ಬೇಡ, ಶುಲ್ಕವೂ ಇಲ್ಲ.

ಒಂದೇ ಪರದೆ ಯಾಕಿಲ್ಲ?

ಈಗ ಬಿಮಾ ಸುಗಮ್ ಅಂತ ಬರ್ತಿದೆ. ವಿಮೆಗೆ ಒಂದು ಸಾರ್ವಜನಿಕ ಆನ್‌ಲೈನ್ ಮಾರುಕಟ್ಟೆ. 2024ರ ಮಾರ್ಚಲ್ಲಿ ಪ್ರಾಧಿಕಾರ ಅದಕ್ಕೆ ನಿಯಮ ಮಾಡಿತು, 2025ರ ಸೆಪ್ಟೆಂಬರಲ್ಲಿ ವೆಬ್‌ಸೈಟ್ ಬಿಡುಗಡೆಯಾಯ್ತು, ಕೊಳ್ಳೋದು, ಕ್ಲೇಮ್ ಮಾಡೋದು ಹಂತ ಹಂತವಾಗಿ ಅಂತ ಹೇಳಿದ್ದಾರೆ. ಎಲ್ಲ ಕಂಪನಿಗಳ ಪಾಲಿಸಿ ಒಂದೇ ಕಡೆ ಹೋಲಿಸಿ ನೋಡೋ ಹಾಗೆ ಆದ್ರೆ ಬಹಳ ಒಳ್ಳೇದು. ಕಮಿಷನ್ ಆಸೆಗೆ ಒಂದೇ ಕಂಪನಿ ಹೊಗಳೋ ವಿಡಿಯೋಗಳ ಕಾಟವಾದ್ರೂ ತಪ್ಪಲಿ.

ಆದ್ರೆ ನಮ್ಮಂಥವರಿಗೆ ಅದು ಅರ್ಧ ಕೆಲಸ. ರೈತ ಕೇಳೋ ಮೊದಲ ಪ್ರಶ್ನೆ "ಯಾವ ಕಂಪನಿ ಒಳ್ಳೇದು?" ಅಂತಲ್ಲ. "ನಾನು ದುಡ್ಡು ಕೊಡಲೇಬೇಕಾ, ನನಗೆ ಸರ್ಕಾರದಿಂದ ಏನಿದೆ?" ಅಂತ. ಅದಕ್ಕೆ ಉತ್ತರ ಆಹಾರ ಇಲಾಖೆಯ ಒಂದು ಪೋರ್ಟಲಲ್ಲಿ, ಆರೋಗ್ಯ ಇಲಾಖೆಯ ಇನ್ನೊಂದರಲ್ಲಿ, ಸಹಕಾರ ಇಲಾಖೆಯ ಮತ್ತೊಂದರಲ್ಲಿ ಹರಿದು ಹಂಚಿದೆ. ಫ್ರೂಟ್ಸ್ ತಂತ್ರಾಂಶದಲ್ಲಿ ನಮ್ಮ ಆಧಾರ್ ಇದೆ, ಪಹಣಿ ಇದೆ, ಬ್ಯಾಂಕ್ ಖಾತೆ ಇದೆ, ಜಾತಿ ವಿವರ ಇದೆ. ಅದೇ ಎಫ್‌ಐಡಿ ಹಾಕಿದ್ರೆ "ನಿಮ್ಮ ಕುಟುಂಬಕ್ಕೆ ಆರೋಗ್ಯ ಕರ್ನಾಟಕದಲ್ಲಿ ಇಷ್ಟು, ಯಶಸ್ವಿನಿಗೆ ಅರ್ಹರು, ನೋಂದಣಿ ಈ ದಿನದವರೆಗೆ, ಹತ್ತಿರದ ಆಸ್ಪತ್ರೆ ಇದು" ಅಂತ ಕನ್ನಡದಲ್ಲಿ ತೋರಿಸೋಕೆ ಏನು ಕಷ್ಟ? ಕಾರ್ಡು ಎಪಿಎಲ್‌ಗೆ ಬದಲಾದ ದಿನವೇ ಒಂದು ಮೆಸೇಜ್ ಕಳಿಸೋಕೆ ಏನು ಕಷ್ಟ? ಮಳೆ ಮುನ್ಸೂಚನೆ ಬರುತ್ತೆ, ರಸಗೊಬ್ಬರ ಸಬ್ಸಿಡಿ ಮೆಸೇಜ್ ಬರುತ್ತೆ. ಇದೊಂದು ಬರಲ್ಲ. ನಿಮ್ಮ ಗ್ರಾಮಸಭೆಯಲ್ಲಿ, ಎಫ್‌ಪಿಒ ಸಭೆಯಲ್ಲಿ, ಸಂಘದ ಮಹಾಸಭೆಯಲ್ಲಿ ಇದನ್ನ ಎತ್ತಿ. ನಾನು ನಮ್ಮ ಡೇರಿಯ ಮಹಾಸಭೆಯಲ್ಲಿ ಎತ್ತಿದೆ. ಅಧ್ಯಕ್ಷರು "ನೋಡೋಣ" ಅಂದ್ರು, ಆದ್ರೆ ಯಶಸ್ವಿನಿ ನೋಂದಣಿ ದಿನಾಂಕವನ್ನ ಹಾಲು ಅಳೆಯೋ ಕೋಣೆಯ ಗೋಡೆ ಮೇಲೆ ಬರೆಸೋಕೆ ಒಪ್ಪಿದ್ರು. ಈಗ ದಿನಕ್ಕೆರಡು ಸಲ ಎಲ್ಲರ ಕಣ್ಣಿಗೂ ಬೀಳುತ್ತೆ.

ಚಿಕ್ಕಪ್ಪನ ಮನೆ ಕಥೆ ಹೇಳಿಬಿಡ್ತೀನಿ. ಕಾರ್ಡಿನ ಅರ್ಜಿ ಓಡಾಡಿ ಓಡಾಡಿ ಏಳು ತಿಂಗಳಿಗೆ ಸರಿಯಾಯ್ತು. ಹಸು ಮಾರಿದ್ರಿಂದ ಹಾಲು ನಿಂತಿತ್ತು, ಚಿಕ್ಕಮ್ಮನ ಸದಸ್ಯತ್ವ ಉಳಿಯುತ್ತೋ ಇಲ್ವೋ ಅಂತ ಹೆದರಿಕೆ ಇತ್ತು. ಹೋದ ದೀಪಾವಳಿಗೆ ಸಾಲ ಮಾಡಿ ಒಂದು ಹಸು ತಂದ್ರು. ಹಾಲು ಹಾಕೋಕೆ ಹೋದ ಮೊದಲ ದಿನವೇ ಚಿಕ್ಕಮ್ಮ ಕಾರ್ಯದರ್ಶಿ ಕೈಗೆ ಐನೂರರ ನೋಟು ಕೊಟ್ಟು, "ನೋಂದಣಿ ಶುರುವಾದಾಗ ಮೊದಲು ನಮ್ಮದು ಬರ್ಕೊಳ್ಳಪ್ಪ" ಅಂದ್ರಂತೆ. ಅವರು ನಕ್ಕು ನೋಟು ವಾಪಸ್ ಕೊಟ್ಟು, ಆಧಾರ್ ಮತ್ತು ರೇಷನ್ ಕಾರ್ಡ್ ಜೆರಾಕ್ಸ್ ಮಾತ್ರ ಈಗಲೇ ಕೊಟ್ಟಿರಿ ಅಂದ್ರು.